ತಪ್ಪೆಲ್ಲ ಲೈನಿನದು

ನೀವು ನಮ್ಮ ಮನೆಗೆ ಬಂದರೆ, ಕಾಫಿ ಬರುವವರೆಗೆ ಕೈ ಸುಮ್ಮನಿರದೆ ಏನಾದರೊಂದನ್ನು ಎತ್ತಿಕೊಳ್ಳುತ್ತೀರಿ. ಬಂದವರೆಲ್ಲ ಹಾಗೇ ಮಾಡುತ್ತಾರೆ. ಎಲ್ಲರ ಕೈಯೂ ಹೋಗುವುದು, ದಿನಪತ್ರಿಕೆ ಹಾರದಿರಲೆಂದು ಟೀಪಾಯಿಯ ಮೇಲಿಟ್ಟಿರುವ ಆ ಬಿಳಿಯ ಪಿಂಗಾಣಿಯ ಕಡೆಗೇ. ಬೋರಲು ಹಾಕಿದ ಬಟ್ಟಲಿನ ಹಾಗಿದೆ. ಕುತ್ತಿಗೆಯಲ್ಲೊಂದು ಕಚ್ಚು, ಹೊಟ್ಟೆಯೊಳಗೆ ತಿರುಪಿನ ಗೆರೆಗಳು. ನಮ್ಮ ನೆಂಟರೊಬ್ಬರು ಅದು ಹಳೇ ಮಂಚದ ಕಾಲಿನ ಟೋಪಿ ಎಂದು ತೀರ್ಮಾನ ಕೊಟ್ಟರು. ಇನ್ನೊಬ್ಬರು ಉಪ್ಪಿನಕಾಯಿ ಜಾಡಿಯ ಮುಚ್ಚಳವೆಂದರು. ಯಾರು ಏನೆಂದರೂ ನನ್ನ ಗಂಡ ಹೌದೆನ್ನುತ್ತಾರೆ. ನಿಜ ಹೇಳಲು ಬಿಟ್ಟರೆ ನಾನು ಮಾತು ನಿಲ್ಲಿಸುವುದಿಲ್ಲವೆಂದು ಅವರಿಗೆ ಗೊತ್ತು.

ಅದು ಟೆಲಿಫೋನ್ ಕಂಬದ ತುದಿಯಲ್ಲಿ ತಂತಿಯನ್ನು ಹಿಡಿದಿಡುತ್ತಿದ್ದ ಪಿಂಗಾಣಿ. ಮಾರ್ಚ್ ತಿಂಗಳಲ್ಲಿ ಅದನ್ನು ಒರೆಸಲು ಕೂತರೆ ನನ್ನ ಅವತ್ತಿನ ಕೆಲಸ ಕೆಟ್ಟಂತೆಯೇ. ಕೈಯಲ್ಲಿ ಬಟ್ಟೆ ಇರುತ್ತದೆ, ಒಲೆಯ ಮೇಲೆ ಹಾಲಿರುತ್ತದೆ. ನಾನು ಮಾತ್ರ ಇಪ್ಪತ್ತು ವರ್ಷದ ಹಿಂದಿನ ಒಂದು ಕಾಫಿ ತೋಟದಲ್ಲಿ, ತಲೆ ಎತ್ತಿ ತಂತಿ ನೋಡುತ್ತಾ ನಡೆಯುತ್ತಿರುತ್ತೇನೆ. ಇವತ್ತೂ ಹಾಲು ಉಕ್ಕಿತು. ಆಲೂರಿನ ಈ ಮನೆಯಲ್ಲಿ ಹಾಲು ಉಕ್ಕುವುದು ಹೊಸತೇನಲ್ಲ.

ನಮ್ಮ ಕಡೆಯವರ ಒಂದು ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಏನು ಕೆಟ್ಟರೂ ತಪ್ಪು ಲೈನಿನದು. ದೀಪ ಆರಿದರೆ ‘ಲೈನ್ ಹೋಗ್ಬುಟ್ಟೈತೆ’. ಫೋನು ಸತ್ತರೂ ‘ಲೈನ್ ಹೋಗ್ಬುಟ್ಟೈತೆ’. ನನ್ನ ತವರೂರು ಮಗ್ಗೆಯಲ್ಲಿ ನಮ್ಮಪ್ಪನ ಬಳಿ ಒಂದು ರೇಡಿಯೋ ಇತ್ತು. ಅದು ಗೊರಗೊರ ಎಂದಾಗಲೆಲ್ಲ ಅಪ್ಪ ಬಾಗಿಲಿಗೆ ಬಂದು ರಸ್ತೆಯ ಕರೆಂಟ್ ಕಂಬವನ್ನು ದುರುಗುಟ್ಟಿ ನೋಡುತ್ತಿದ್ದರು. ರೇಡಿಯೋ ನಡೆಯುತ್ತಿದ್ದದ್ದು ಎರಡು ಸೆಲ್ಲಿನ ಮೇಲೆ. ಗಾಳಿ, ಮಳೆ, ಬಿದ್ದ ಮರ, ಜೋತಾಡಿದ ಮಂಗ ಎಂದು ನಮ್ಮ ಲೈನು ಎಷ್ಟು ಸಲ ಹೋಗಿದೆಯೆಂದರೆ, ಹೋಗದಿದ್ದಾಗಲೂ ಹೋಗಿದೆ ಎನ್ನುವುದು ರೂಢಿಯಾಗಿಬಿಟ್ಟಿದೆ. ಬೈಯುವುದಕ್ಕೂ ಅನುಕೂಲ, ಕಂಬ ತಿರುಗಿ ಮಾತಾಡುವುದಿಲ್ಲ.

ಇನ್ನೊಂದು ನೆನಪು. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಈಗಲೇ ಕೇಳಬೇಡಿ. ಚಿಕ್ಕವಳಿದ್ದಾಗ ಅಜ್ಜಿ ನನ್ನನ್ನು ಆಲೂರು ಸಂತೆಗೆ ಕರೆದೊಯ್ಯುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಸಿದ್ದಣ್ಣ ಎಂಬಾತನ ಬೀಡಾ ಅಂಗಡಿ ಇತ್ತು. ಬಸ್ಸಿನ ಬೋರ್ಡ್ ಓದಲು ಬಾರದವರಿಗೆಲ್ಲ ಅವನೇ ಬೋರ್ಡು. ‘ಮಗ್ಗೆ ಬಸ್ ಯಾವ್ದಪ್ಪಾ’ ಎಂದರೆ ಎಲೆಗೆ ಸುಣ್ಣ ಹಚ್ಚುತ್ತಲೇ ಗಲ್ಲದಿಂದ ತೋರಿಸುತ್ತಿದ್ದ. ಒಂದು ಸಂತೆಯ ದಿನ ಅವನು ಮಗಳ ಊರಿಗೆ ಹೋಗಿದ್ದ. ಅಂಗಡಿಗೆ ಬೀಗ. ಅಜ್ಜಿ ಅದರ ಮುಂದೆಯೇ ಚೀಲ ಇಟ್ಟುಕೊಂಡು ಕೂತಳು. ‘ಕಂಡಕ್ಟರ್‌ನ ಕೇಳಣ’ ಎಂದೆ. ‘ಸಿದ್ದಣ್ಣ ಹೇಳ್ದಿರೋ ಬಸ್ ಹತ್ಬಾರ್ದು ಕಣೇ, ಎಲ್ಲಿಗ್ ಹೊತ್ಕಂಡ್ ಹೋಯ್ತದೋ’ ಎಂದಳು. ಮಗ್ಗೆಯ ಬಸ್ಸು ನಮ್ಮ ಕಣ್ಣೆದುರೇ ಎರಡು ಸಲ ಬಂದು ಎರಡು ಸಲ ಹೋಯಿತು. ರಸ್ತೆ ಇತ್ತು, ಬಸ್ಸಿತ್ತು, ಸೀಟೂ ಇತ್ತು. ನಾವು ಮಧ್ಯಾಹ್ನದವರೆಗೂ ಕಡಲೆಕಾಯಿ ತಿನ್ನುತ್ತಾ ಕೂತಿದ್ದೆವು. ಕೊನೆಗೆ ನಮ್ಮೂರಿನವರೊಬ್ಬರು ಬಂದು ಅಜ್ಜಿಯನ್ನು ಬೈದು ಬಸ್ಸು ಹತ್ತಿಸಿದರು.

ಅಜ್ಜಿಯ ಈ ಬುದ್ಧಿಗೆ ನಾನು ಎಷ್ಟು ನಕ್ಕಿದ್ದೇನೋ. ದೊಡ್ಡವಳಾಗಿ, ಕಂಪ್ಯೂಟರ್ ಕಲಿತು, ಅದಕ್ಕಿಂತ ಅಚ್ಚುಕಟ್ಟಾಗಿ ಅದೇ ಕೆಲಸ ಮಾಡಿದೆ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಹಾಸನದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿ, ವನಗೂರಿನ ಕಡೆ ಕಾಫಿ ಬೆಳೆಗಾರರ ಒಂದು ಸಣ್ಣ ಸಂಘದ ಕಚೇರಿಗೆ ಸೇರಿದ್ದೆ. ಕೂಗಳತೆಯಲ್ಲೇ ಚಿಕ್ಕಮ್ಮನ ಮನೆ, ಹಾಗಾಗಿ ಅಪ್ಪ ಒಪ್ಪಿದರು. ಕಚೇರಿಯಲ್ಲಿ ನಾಲ್ಕು ಕಂಪ್ಯೂಟರು. ನನ್ನದೊಂದು, ಪತ್ರಗಳನ್ನೂ ಫೈಲುಗಳನ್ನೂ ನೋಡಿಕೊಳ್ಳುತ್ತಿದ್ದ ಸಾವಿತ್ರಕ್ಕನದೊಂದು, ಅಧ್ಯಕ್ಷರಾದ ನಂಜೇಗೌಡರದೊಂದು. ನಾಲ್ಕನೆಯದು ಗೋಡೌನಿನ ಲೆಕ್ಕಕ್ಕೆಂದು ತಂದದ್ದು, ಅದರ ಮೇಲೆ ಯಾವಾಗಲೂ ಹೂದಾನಿ ಇರುತ್ತಿತ್ತು. ನಾಲ್ಕನ್ನೂ ನೀಲಿ ಕೇಬಲ್ಲಿನಿಂದ ಒಂದಕ್ಕೊಂದು ಸೇರಿಸಿ, ಒಂದೇ ಟೆಲಿಫೋನ್ ಲೈನಿನಿಂದ ನಾಲ್ಕಕ್ಕೂ ಇಂಟರ್ನೆಟ್ ಕೊಟ್ಟವಳು ನಾನು. ಆರಾರು ತಿಂಗಳ ಕರಾರಿನ ಮೇಲಿದ್ದರೂ ನನ್ನ ನಡಿಗೆಯಲ್ಲಿ ಸ್ವಲ್ಪ ಗತ್ತು ಬಂದಿತ್ತೆಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ.

ಆ ಇಂಟರ್ನೆಟ್ಟಿನಲ್ಲಿ ನಾವು ನೋಡುತ್ತಿದ್ದದ್ದು ಮುಖ್ಯವಾಗಿ ಒಂದೇ ಚಿತ್ರವನ್ನು. ಮಾರ್ಚ್‌ನಲ್ಲಿ ಕಾಫಿಯ ಮೊಗ್ಗು ಒಂದು ಹದ ಮಳೆಗೆ ಕಾಯುತ್ತದೆ. ಸ್ಪ್ರಿಂಕ್ಲರ್ ಇಟ್ಟವರು ನೀರು ಹಾರಿಸಿಯೂ ಹೂ ಬಿಡಿಸಬಹುದು. ಆದರೆ ಕೆರೆಯಲ್ಲಿರುವ ನೀರು ಒಂದೇ ಸಲಕ್ಕೆ. ಇವತ್ತು ಹಾರಿಸಿ ನಾಳೆ ಮಳೆ ಬಂದರೆ ನೀರು ದಂಡ, ಮಳೆ ನಂಬಿ ಕೂತು ಅದು ಬಾರದಿದ್ದರೆ ಹೂ ದಂಡ. ಅದಕ್ಕೇ ಬೆಳಿಗ್ಗೆ ಹತ್ತಕ್ಕೆ ಬೆಳೆಗಾರರೆಲ್ಲ ನನ್ನ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು. ಕಂಪ್ಯೂಟರನ್ನು ಫೋನಿನ ಲೈನಿಗೆ ಕೂಡಿಸುವ ಪೆಟ್ಟಿಗೆ, ಮೋಡೆಮ್, ಸಿಳ್ಳೆ ಹಾಕಿ ಕೀರಲಿ ಸುಮ್ಮನಾಗುತ್ತಿತ್ತು. ಆಮೇಲೆ ಉಪಗ್ರಹ ತೆಗೆದ ಮೋಡದ ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಇಳಿಯತೊಡಗುತ್ತಿತ್ತು. ಮೊದಲು ಹಿಮಾಲಯ, ಆಮೇಲೆ ಗುಜರಾತು, ಬೊಂಬಾಯಿ. ನಮ್ಮ ಬೆಟ್ಟಕ್ಕೆ ಬರಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಕಡಲಿನ ಮೇಲಿನ ಬಿಳಿ ಮೋಡ ನಿಧಾನಕ್ಕೆ ಬಿಚ್ಚಿಕೊಳ್ಳುವುದನ್ನು ನೋಡುತ್ತಾ ನನಗೆ ಎಷ್ಟೋ ಸಲ ನಾನೂ ಅಷ್ಟು ಎತ್ತರದಲ್ಲಿ ತೇಲುತ್ತಿದ್ದೇನೆ ಅನಿಸುತ್ತಿತ್ತು.

ಈಗ ನನ್ನ ಜಾಣತನದ ಕಥೆ. ಇಂಟರ್ನೆಟ್ಟಿನ ಪ್ರತಿ ತಾಣಕ್ಕೂ ಒಂದು ಹೆಸರು, ಒಂದು ನಂಬರು. ನಾವು ಹೊಡೆಯುವುದು ಹೆಸರನ್ನು, ದಾರಿ ಸಿಗುವುದು ನಂಬರಿಗೆ. ಹೆಸರು ಕೇಳಿ ನಂಬರು ಹೇಳಲೆಂದೇ ಎಲ್ಲೋ ಒಂದು ಯಂತ್ರ ಕೂತಿರುತ್ತದೆ, ಅದಕ್ಕೆ ಡಿಎನ್‌ಎಸ್ ಎನ್ನುತ್ತಾರೆ. ಯಾವ ಯಂತ್ರವನ್ನು ಕೇಳಬೇಕೆಂದು ನಾವೇ ಬರೆದುಕೊಡಬಹುದು, ಇಲ್ಲವೇ ‘ನೀನೇ ವಿಚಾರಿಸಿಕೋ’ ಎಂದು ಕಂಪ್ಯೂಟರಿಗೇ ಬಿಟ್ಟುಬಿಡಬಹುದು. ನಮ್ಮದು ತಾನೇ ವಿಚಾರಿಸಿಕೊಂಡು ಒದ್ದಾಡುತ್ತಿತ್ತು, ಬಹಳ ನಿಧಾನ. ಹಾಸನದಲ್ಲಿ ನನಗೆ ಕಲಿಸಿದವರು ಫೋನಿನಲ್ಲಿ ಮೂರು ಚುಕ್ಕಿಯ ಒಂದು ನಂಬರು ಕೊಟ್ಟು, ‘ಇವನನ್ನ ಕೇಳೋಕೆ ಹೇಳು, ಬೇಗ ಹೇಳ್ತಾನೆ’ ಎಂದರು. ಟೆಲಿಫೋನಿನ ಪಕ್ಕದ ಗೋಡೆಯ ಮೇಲೆ ದನದ ಡಾಕ್ಟರು, ಜೀಪಿನವರು, ಅಕ್ಕಿ ಮಿಲ್ಲಿನವರ ನಂಬರುಗಳ ಕೆಳಗೆ ಅದನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡೆ. ನಾಲ್ಕೂ ಕಂಪ್ಯೂಟರಿಗೆ ಇವನೊಬ್ಬನನ್ನೇ ಕೇಳಿ ಎಂದು ಹೊಡೆದೆ. ಮಾರನೆಯ ದಿನ ಮೋಡ ಸರಸರ ಬಂತು. ‘ಸೈ ಕಣಮ್ಮ’ ಎಂದರು ನಂಜೇಗೌಡರು. ಅವರ ಬಾಯಲ್ಲಿ ‘ಸೈ’ ವರ್ಷಕ್ಕೊಮ್ಮೆ ಬರುವ ಮಾತು.

ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಮುಂದಿನ ಮಾರ್ಚ್‌ನ ಒಂದು ಸೋಮವಾರ ಮೋಡ ಬರಲಿಲ್ಲ. ಮೋಡೆಮ್ ಸಿಳ್ಳೆ ಹಾಕಿತು, ಕೂಡಿತು, ಪರದೆಯ ಮೂಲೆಯಲ್ಲಿ ಎರಡು ಪುಟ್ಟ ದೀಪಗಳು ಮಿಣುಕಿದವು. ಆದರೆ ಯಾವ ಹೆಸರು ಹೊಡೆದರೂ ಪುಟ ಸಿಗುತ್ತಿಲ್ಲವೆಂಬ ಬಿಳಿ ಹಾಳೆ. ಕಂಪ್ಯೂಟರುಗಳನ್ನು ಆರಿಸಿ ಹಚ್ಚಿದೆ. ಕೇಬಲ್ಲನ್ನು ಕಿತ್ತು ಒರೆಸಿ ಹಾಕಿದೆ. ಮೋಡೆಮ್ಮಿನ ಧೂಳು ಊದಿದೆ. ‘ಆಯುಧಪೂಜೇಲಿ ಇಟ್ಟಿದ್ ಕುಂಕುಮ ಅಳಿಸ್ಬುಟ್ಯಲ್ಲ, ಅದಕ್ಕೇ ಹಿಂಗಾಗೈತೆ’ ಎಂದಳು ಸಾವಿತ್ರಕ್ಕ. ಮೂರು ದಿನ ಹೀಗೇ ಆಯಿತು. ಮೂರನೆಯ ದಿನ ನಂಜೇಗೌಡರು ಕೇಳಿದರು:

‘ಏನಾಗೈತಮ್ಮ ಅದಕ್ಕೆ?’

ನನಗೆ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ ತಾನೇ? ಅಪ್ಪ ಬಾಗಿಲಿಗೆ ಬಂದು ಕಂಬ ನೋಡುತ್ತಿದ್ದ ಹಾಗೆ ನಾನೂ ಕಿಟಕಿಯ ಆಚೆ ನೋಡಿ ಹೇಳಿದೆ: ‘ಲೈನ್ ಸರಿಯಿಲ್ಲ ಸಾರ್.’

ಎಷ್ಟು ಸಲೀಸಾಗಿ ಬಂತು ಆ ಮಾತು. ಗೌಡರು ತಲೆದೂಗಿದರು. ಬೆಟ್ಟದವರಿಗೆ ಅದಕ್ಕಿಂತ ಸಹಜವಾದ ಉತ್ತರವಿಲ್ಲ. ನಮ್ಮ ಲೈನು ನೋಡಿಕೊಳ್ಳುತ್ತಿದ್ದವರು ಧರ್ಮಣ್ಣ. ಟೆಲಿಫೋನ್ ಇಲಾಖೆಯಲ್ಲಿ ಹದಿನೆಂಟು ವರ್ಷದಿಂದ ದಿನಗೂಲಿ ಲೈನ್‌ಮನ್. ಗೌಡರು ಹಿಂದಿನ ದಿನವೇ ಹೇಳಿ ಕಳಿಸಿದ್ದರು, ಧರ್ಮಣ್ಣ ಬಂದು ನೋಡಿ ‘ಲೈನ್ ಚೆನ್ನಾಗೈತೆ ಗೌಡ್ರೇ’ ಎಂದು ಹೋಗಿದ್ದರು. ಗೌಡರಿಗೆ ಅದೇ ಸಿಟ್ಟು. ಕೆರೆಯ ನೀರು ಬಿಡಬೇಕೋ ಬೇಡವೋ ಎಂದು ಮೂರು ದಿನದಿಂದ ತಳಮಳಿಸುತ್ತಿದ್ದ ಮನುಷ್ಯ ಒಂದು ದೂರು ಪತ್ರ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ‘ಸದರಿ ಲೈನ್‌ಮನ್ ಕರ್ತವ್ಯದಲ್ಲಿ ಬೇಜವಾಬ್ದಾರಿಯಿಂದ ವರ್ತಿಸುತ್ತಿದ್ದು...’

ಅಲ್ಲಿ ನನ್ನ ಬೆರಳು ಒಂದು ಗಳಿಗೆ ನಿಂತಿತು. ಏಕೆಂದರೆ ಹದಿನೈದು ದಿನದ ಹಿಂದೆ ಅದೇ ಕುರ್ಚಿಯಲ್ಲಿ ಕೂತು ಧರ್ಮಣ್ಣನ ಅರ್ಜಿ ಟೈಪ್ ಮಾಡಿಕೊಟ್ಟವಳೂ ನಾನೇ. ಹದಿನೆಂಟು ವರ್ಷದ ಮೇಲೆ ಅವರ ಹೆಸರು ಖಾಯಂ ಮಾಡುವವರ ಪಟ್ಟಿಗೆ ಬಂದಿತ್ತು. ಅರ್ಜಿಯ ಕೊನೆಗೆ ‘ಇದುವರೆಗೆ ನನ್ನ ಮೇಲೆ ಒಂದೂ ದೂರು ಇರುವುದಿಲ್ಲ’ ಎಂಬ ಸಾಲಿತ್ತು. ಆ ಸಾಲನ್ನು ಧರ್ಮಣ್ಣ ನನ್ನಿಂದ ಎರಡು ಸಲ ಓದಿಸಿಕೊಂಡಿದ್ದರು.

ಗೌಡರು ರುಜು ಹಾಕಿ ನನ್ನ ಕೈಗೇ ಕೊಟ್ಟರು. ‘ಇವತ್ತು ಎಕ್ಸ್‌ಚೇಂಜ್‌ತಂಕ ಲೈನ್ ನೋಡಕ್ ಹೇಳಿವ್ನಿ. ನೀನೂ ಜೊತೆಗ್ ಹೋಗು. ಎಲ್ಲಾದ್ರೂ ಮರದಡಿ ಮಲ್ಗಿ ವಾಪಸ್ ಬಂದಾನು. ಅಲ್ಲಿಗ್ ಹೋಗೋ ಹೊತ್ತಿಗೂ ಏನೂ ಸಿಗ್ಲಿಲ್ಲ ಅಂದ್ರೆ ಈ ಕಾಗ್ದ ಇಂಜಿನಿಯರ್ ಕೈಗೆ ಕೊಟ್ಬುಡು.’

ಹಾಗೆ ನಾನು, ಧರ್ಮಣ್ಣನ ಮೇಲಿನ ದೂರನ್ನು ಚೀಲದಲ್ಲಿಟ್ಟುಕೊಂಡು, ಧರ್ಮಣ್ಣನ ಜೊತೆ ಮೂರು ಮೈಲಿ ನಡೆಯಲು ಹೊರಟೆ.

ಧರ್ಮಣ್ಣ ಖಾಕಿ ಅಂಗಿ ತೊಟ್ಟು ಹೆಗಲಿಗೆ ಹಗ್ಗ ಹಾಕಿಕೊಂಡಿದ್ದರು. ಸೊಂಟದಲ್ಲಿ ಎರಡು ಕ್ಲಿಪ್ಪಿನ ಒಂದು ಹಳೇ ಫೋನು. ಕಂಬ ಹತ್ತುವಾಗ ಅವರ ಕ್ಯಾನ್ವಾಸ್ ಚೀಲವನ್ನು ನಾನು ಹಿಡಿದುಕೊಳ್ಳಬೇಕಾಗಿತ್ತು. ಅದರೊಳಗೆ ಇಕ್ಕಳ, ತಂತಿಯ ಸುರುಳಿ, ಬಾಳೆಲೆಯಲ್ಲಿ ಕಟ್ಟಿದ ಬುತ್ತಿ ಮತ್ತು ಎರಡು ಹೊಸ ಪಿಂಗಾಣಿ.

‘ನೆಲ ನೋಡ್ಬೇಡ ರತ್ನವ್ವ, ಮ್ಯಾಲೆ ನೋಡ್ಕಂಡ್ ಬಾ. ತಂತಿ ಕಣ್ಣು ತಪ್ಪಬಾರ್ದು. ಕಾಲಿಗೆ ದಾರಿ ತಾನೇ ಗೊತ್ತಾಯ್ತದೆ,’ ಎಂದರು.

ನಾನು ಮೇಲೆ ನೋಡುತ್ತಾ ನಡೆದೆ. ಹಾಗೆ ನಡೆದು ನೋಡಿದ್ದೀರಾ? ಸಿಲ್ವರ್ ಓಕ್ ಮರಗಳ ನಡುವೆ ಎರಡು ತಂತಿ ಜೊತೆಯಾಗಿ ಹೋಗುತ್ತವೆ, ತಗ್ಗುತ್ತವೆ, ಕಂಬದ ಬಳಿ ಮತ್ತೆ ಏಳುತ್ತವೆ. ಹಿಂದೆ ಆಕಾಶ ಮೆಲ್ಲಗೆ ಜಾರುತ್ತದೆ. ಸ್ವಲ್ಪ ಹೊತ್ತಿಗೆ ನಾವು ನಡೆಯುತ್ತಿದ್ದೇವೋ ತಂತಿಯೇ ನಮ್ಮನ್ನು ಎಳೆದುಕೊಂಡು ಹೋಗುತ್ತಿದೆಯೋ ತಿಳಿಯದಾಯಿತು. ಇಲಾಖೆಯ ಕಂಬಗಳಿಗೆ ನಂಬರಿದ್ದರೂ ಧರ್ಮಣ್ಣ ಅವನ್ನು ಹಲಸಿನ ಕಂಬ, ಚೌಡಿ ಕಂಬ, ಬಗ್ಗಿದ ಕಂಬ ಎಂದೇ ಕರೆಯುತ್ತಿದ್ದರು. ಅಲ್ಲಲ್ಲಿ ಹತ್ತಿ ತಂತಿಗೆ ಕ್ಲಿಪ್ಪು ಕಚ್ಚಿಸಿ, ಕಿವಿಗೊಟ್ಟು, ‘ಶುದ್ಧ ಐತೆ’ ಎಂದು ಇಳಿಯುತ್ತಿದ್ದರು. ತಂತಿ ಕೈಗೆಟುಕುವಷ್ಟು ತಗ್ಗಿನಲ್ಲಿದ್ದ ಒಂದು ಕಡೆ ನನಗೂ ಫೋನು ಕೊಟ್ಟರು. ತೋಟದ ಮಧ್ಯೆ ನಿಂತು ಆ ಒಂದೇ ಸಮನೆ ಗುಂಯ್‌ಗುಡುವ ಸದ್ದು ಕೇಳಿದೆ. ಆ ಸದ್ದು ಅಷ್ಟು ಹಿತವಾಗಿರುತ್ತದೆಂದು ಕಚೇರಿಯಲ್ಲಿ ಒಂದು ದಿನವೂ ಅನಿಸಿರಲಿಲ್ಲ.

ನಂಜೇಗೌಡರ ತೋಟದಲ್ಲಿ ಮೊಗ್ಗುಗಳು ಅಕ್ಕಿಕಾಳಿನಷ್ಟಾಗಿ ಮುನಿಸಿಕೊಂಡು ಕೂತಿದ್ದವು. ತೋಡು ದಾಟಿ ಪಕ್ಕದ ತೋಟಕ್ಕೆ ಕಾಲಿಟ್ಟರೆ ಎಲ್ಲ ಬೆಳ್ಳಗಿತ್ತು. ಅವರು ವಾರದ ಹಿಂದೆ ನೀರು ಹಾರಿಸಿದ್ದರಂತೆ. ರೆಂಬೆಯ ಉದ್ದಕ್ಕೂ ಹೂ ಮೆತ್ತಿಕೊಂಡಿತ್ತು, ಎಲೆ ಕಾಣುತ್ತಿರಲಿಲ್ಲ. ಘಮಲಿಗೆ ತಲೆ ತಿರುಗಿದಂತಾಯಿತು. ಜೇನು ಎಷ್ಟಿತ್ತೆಂದರೆ, ಫೋನಿನ ಗುಂಯ್ ಎಲ್ಲಿ ಮುಗಿಯಿತು ಜೇನಿನದು ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ. ನಾನು ಬಂದ ಕೆಲಸವನ್ನೂ ಚೀಲದ ಕಾಗದವನ್ನೂ ಮರೆತೆ. ಇಲ್ಲೇ ಹೀಗೇ ಸಂಜೆಯಾಗಿಬಿಡಲಿ ಅನಿಸಿತು. ಬಗ್ಗಿದ ಕಂಬದ ಬುಡದಲ್ಲಿ ಕೂತು ಧರ್ಮಣ್ಣ ಬುತ್ತಿ ಬಿಚ್ಚಿದರು. ಅಕ್ಕಿರೊಟ್ಟಿ, ಕಾಯಿಚಟ್ನಿ. ಅರ್ಧ ನನಗೆ ಕೊಟ್ಟು, ತಿನ್ನುತ್ತಾ ಕೇಳಿದರು:

‘ಅಲ್ಲ ಕಣವ್ವ, ನಿಮ್ ಪೆಟ್ಗೆ ಸಿಳ್ಳೆ ಹಾಕ್ತೈತಾ?’

‘ಹಾಕ್ತೈತೆ.’

‘ಆಕಡೆಯೋರು ಎತ್ಕತಾರಾ?’

‘ಕೂಡ್ಕಂತದೆ ಧರ್ಮಣ್ಣ. ದೀಪಾನೂ ಮಿಣುಕ್ತೈತೆ. ಆಮೇಲೆ ಹೆಸ್ರು ಕೊಟ್ರೆ ಏನೂ ಬರಲ್ಲ.’

‘ಹಂಗಾರೆ ಲೈನಿನ್ ಕೆಲ್ಸ ಅಲ್ಲಿಗ್ ಮುಗೀತಲ್ಲ ಮಾರಾಯ್ತಿ. ಫೋನ್ ಹೊಡ್ಕಂತು, ಆಕಡೆಯೋರು ಎತ್ಕಂಡ್ರು. ಆಮೇಲೆ ಅವ್ರು ಮಾತಾಡ್ಲಿಲ್ಲ ಅಂದ್ರೆ ತಂತಿ ಏನ್ ಮಾಡಾತು? ಯಾರನ್ನ ಕೇಳ್ಬೇಕೋ ಅವ್ರಿಲ್ಲ ಅಷ್ಟೆ.’

ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಆಲೂರು ಬಸ್ ನಿಲ್ದಾಣದಲ್ಲಿ ಬೀಗ ಹಾಕಿದ ಬೀಡಾ ಅಂಗಡಿ, ಅದರ ಮುಂದೆ ಚೀಲ ಇಟ್ಟುಕೊಂಡು ಕೂತ ಅಜ್ಜಿ ಕಣ್ಣಿಗೆ ಕಟ್ಟಿದಳು. ಗೋಡೆಯ ಮೇಲಿನ ಪೆನ್ಸಿಲ್ ನಂಬರಿನವನು ಇಲ್ಲ. ಅಂಗಡಿ ಮುಚ್ಚಿಕೊಂಡು ಹೋಗಿದ್ದಾನೆ. ಅವನನ್ನು ಬಿಟ್ಟು ಇನ್ನಾರನ್ನೂ ಕೇಳಬೇಡಿ ಎಂದು ನಾಲ್ಕು ಕಂಪ್ಯೂಟರಿಗೂ ನಮ್ಮಜ್ಜಿಯ ಬುದ್ಧಿ ಕಲಿಸಿದವಳು ನಾನು. ರಸ್ತೆ ಇತ್ತು, ಬಸ್ಸೂ ಬಂದು ಹೋಗುತ್ತಿತ್ತು.

ಹೇಳಬೇಕಿತ್ತು, ಅಲ್ಲೇ. ಹೇಳಲಿಲ್ಲ. ಈಗ ನೆನೆದರೂ ನಾಚಿಕೆಯಾಗುತ್ತದೆ. ಕರಾರಿನ ಕೆಲಸ ಹೋದೀತೆಂಬ ಭಯವಿತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನ ಗತ್ತು ಹೋಗುತ್ತದೆಂಬ ಭಯ. ಕೈ ತೊಳೆದು ಎದ್ದೆವು. ಧರ್ಮಣ್ಣ ಉಳಿದ ಕಂಬಗಳನ್ನೂ ಒಂದೂ ಬಿಡದೆ ನೋಡುತ್ತಾ ನಡೆದರು. ಹಿಂದೆ ನಾನು. ಹೂವಿನ ಘಮಲು ಹಾಗೇ ಇತ್ತು, ನನಗೆ ಮಾತ್ರ ಅದು ಹತ್ತುತ್ತಿರಲಿಲ್ಲ. ನನ್ನ ಚಪ್ಪಲಿಯನ್ನೂ ಒಣಗಿದ ಎಲೆಗಳನ್ನೂ ನೋಡಿಕೊಂಡು ನಡೆದೆ.

ಎಕ್ಸ್‌ಚೇಂಜಿನಲ್ಲಿ ಇಂಜಿನಿಯರ್ ಪತ್ರಿಕೆ ಓದುತ್ತಿದ್ದರು. ಅಲ್ಲಿಂದ ಕಚೇರಿಗೆ ಫೋನ್ ಮಾಡಿದರೆ ಸಾವಿತ್ರಕ್ಕನ ಆಕಳಿಕೆ ಕೂಡ ಸ್ಪಷ್ಟವಾಗಿ ಕೇಳಿಸಿತು. ‘ಏನಮ್ಮಾ, ಏನಾದ್ರೂ ಹೇಳೋದಿತ್ತಾ?’ ಎಂದರು ಇಂಜಿನಿಯರ್. ನನ್ನ ಕೈ ಚೀಲದೊಳಗಿತ್ತು, ಕಾಗದ ಬೆರಳಿಗೆ ತಾಗುತ್ತಿತ್ತು. ‘ಒಂದ್ ಲೋಟ ನೀರು ಬೇಕಿತ್ತು ಸಾರ್’ ಎಂದೆ.

ವಾಪಸು ಬರುವಾಗ ಒಂದು ಎಸ್ಟೇಟ್ ಜೀಪು ಸಿಕ್ಕಿತು. ಗೊಬ್ಬರದ ಮೂಟೆಗಳ ಮೇಲೆ ಕೂತು ಎರಡು ಸಲ ‘ಧರ್ಮಣ್ಣ, ನಿಮಗೊಂದು ಮಾತು...’ ಎಂದು ಶುರುಮಾಡಿದೆ. ‘ಈ ರಸ್ತೇಲಿ ಮಾತಾಡ್ಬೇಡ ಕಣವ್ವ, ನಾಲ್ಗೆ ಕಚ್ಕತೀಯ’ ಎಂದು ಅವರು ಕಣ್ಣು ಮುಚ್ಚಿಕೊಂಡರು.

ಕಚೇರಿಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತೆ. ಆ ನಂಬರನ್ನು ಅಳಿಸಿ, ‘ನೀನೇ ವಿಚಾರಿಸಿಕೋ’ ಎಂಬ ಸಾಲಿನ ಮುಂದೆ ಚುಕ್ಕಿ ಇಟ್ಟೆ. ಅರ್ಧ ನಿಮಿಷದ ಕೆಲಸ. ಮೋಡೆಮ್ ಸಿಳ್ಳೆ ಹಾಕಿತು. ಹಿಮಾಲಯ ಇಳಿಯಿತು, ಗುಜರಾತು ಇಳಿಯಿತು. ಸಾವಿತ್ರಕ್ಕ ‘ಬಂತು, ಬಂತು’ ಎಂದು ಕೂಗಿದಳು. ನಂಜೇಗೌಡರು ಒಳಕೋಣೆಯಿಂದ ಕನ್ನಡಕ ಸರಿಮಾಡಿಕೊಳ್ಳುತ್ತಾ ಬಂದರು.

‘ಎಲ್ಲಿತ್ತೋ ಧರ್ಮ, ಫಾಲ್ಟು?’

ಧರ್ಮಣ್ಣ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಒಳಗೆ ಬಂದು, ಚೀಲಕ್ಕೆ ಕೈಹಾಕಿ, ಒಂದು ಪಿಂಗಾಣಿ ತೆಗೆದು ಗೌಡರ ಮೇಜಿನ ಮೇಲಿಟ್ಟರು.

‘ಚೌಡಿ ಕಂಬದಲ್ಲಿ ಈ ಪಿಂಗಾಣಿ ಕಪ್ ಸೀಳಿತ್ತು ಗೌಡ್ರೇ. ನೆನ್ನೆ ನೋಡ್ವಾಗ ಕಣ್ತಪ್ಪಿತ್ತು. ಬದಲಾಯಿಸ್ಬುಟ್ಟೆ.’

ಗೌಡರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಮೋಡದ ಮೇಲಿತ್ತು. ‘ಒಂದ್ ಕಪ್ ಬದಲಾಯಿಸಕ್ಕೆ ಮೂರ್ ದಿನ ಬೇಕಾಯ್ತಾ? ರತ್ನ, ಆ ಕಾಗ್ದ ಕೊಟ್ಯಾ?’

‘ಇಲ್ಲ ಸಾರ್.’

‘ಹಂಗಾರೆ ನಾಳೆ ಟಪಾಲಿಗೆ ಹಾಕು. ಸರಿಮಾಡಿದ್ರೂ ತಡ ತಡಾನೇ.’

‘ಯಾವ್ ಕಾಗ್ದ?’ ಎಂದರು ಧರ್ಮಣ್ಣ.

ಅವರು ಕೇಳಿದ ಬಗೆ ನನಗೆ ಇನ್ನೂ ಮರೆತಿಲ್ಲ. ಬೈಗುಳವೊಂದನ್ನು ಹೊತ್ತುಕೊಂಡರೆ ಮುಗಿಯಿತೆಂದುಕೊಂಡಿದ್ದ ಮನುಷ್ಯನಿಗೆ, ತಾನು ಹೊತ್ತುಕೊಂಡಿರುವುದು ಹದಿನೆಂಟು ವರ್ಷದ ಮೇಲೆ ಬೀಳುವ ಕಲ್ಲು ಎಂದು ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಆ ಕೋಣೆಯಲ್ಲಿ ನನಗೊಬ್ಬಳಿಗೇ. ಎದ್ದು ನಿಂತೆ. ಚೀಲದಿಂದ ಕಾಗದ ತೆಗೆದು ಗೌಡರ ಮುಂದಿಟ್ಟೆ.

‘ತಪ್ಪು ನಂದು ಸಾರ್. ಲೈನ್‌ಗೆ ಏನೂ ಆಗಿರ್ಲಿಲ್ಲ. ಹೋದ್ ವರ್ಷ ನಾನು ಹಾಕಿದ್ ಒಂದು ನಂಬರ್ ಸತ್ತೋಗಿತ್ತು. ಧರ್ಮಣ್ಣ ನನ್ನ ಉಳ್ಸಕ್ಕೆ ಸುಳ್ ಹೇಳ್ತಾವ್ರೆ.’

ಗೌಡರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಆ ದೂರು ಪತ್ರವನ್ನು ನನ್ನ ಕಡೆ ತಳ್ಳಿದರು.

‘ಇದನ್ನೇ ಇನ್ನೊಂದ್ಸಲ ಹೊಡಿ. ಧರ್ಮನ ಹೆಸ್ರಿರೋ ಕಡೆಯೆಲ್ಲ ನಿನ್ ಹೆಸ್ರು ಹಾಕು. ಲೈನ್‌ಮನ್ ಅಂತ ಇರೋ ಕಡೆ ಕಂಪ್ಯೂಟರ್ ಆಪರೇಟರ್ ಅಂತ ಹಾಕು.’

ನನ್ನ ಮೇಲಿನ ದೂರನ್ನು ನಾನೇ ಟೈಪ್ ಮಾಡಿದೆ. ‘ಸದರಿ ಆಪರೇಟರ್ ಕರ್ತವ್ಯದಲ್ಲಿ ಬೇಜವಾಬ್ದಾರಿಯಿಂದ ವರ್ತಿಸುತ್ತಿದ್ದು...’ ಒಂದೂ ತಪ್ಪಿಲ್ಲದ ಟೈಪಿಂಗ್, ಅದರಲ್ಲಿ ಮಾತ್ರ ನನಗೆ ಯಾವತ್ತೂ ಹೆಮ್ಮೆ. ಗೌಡರು ರುಜು ಹಾಕಿ ಸಾವಿತ್ರಕ್ಕನಿಗೆ ಕೊಟ್ಟು, ‘ಫೈಲ್ ಮಾಡು, ಎಲ್ಲಿಗೂ ಕಳಿಸ್ಬೇಡ’ ಎಂದರು. ಧರ್ಮಣ್ಣನ ಹೆಸರಿದ್ದ ಕಾಗದವನ್ನು ತಾವೇ ನಾಲ್ಕು ಚೂರು ಮಾಡಿದರು. ಆಮೇಲೆ ಏನೋ ನೆನಪಾದವರಂತೆ, ‘ಬಾರೋ ಧರ್ಮ, ಇಲ್ಲಿ ಕೂತ್ಕೊ. ನಿನ್ ತಂತೀಲಿ ಏನ್ ಬರ್ತದೆ ಅಂತ ನೋಡಿದ್ಯಾ ಯಾವತ್ತಾದ್ರೂ?’ ಎಂದು ನನ್ನ ಪಕ್ಕಕ್ಕೆ ಕುರ್ಚಿ ಎಳೆದರು.

ಧರ್ಮಣ್ಣ ಕುರ್ಚಿಯ ತುದಿಯಲ್ಲಿ ಕೂತರು. ಚಿತ್ರ ಪೂರ್ತಿ ಇಳಿದಿತ್ತು. ದೇಶವೆಲ್ಲ ಬೂದುಬಣ್ಣ, ಕಡಲ ಮೇಲೆ ಬಿಳಿಯ ಸುಳಿ.

‘ಇದ್ರಲ್ಲಿ ನಮ್ಮೂರೆಲ್ಲಿ?’

ಬೆರಳಿಟ್ಟು ತೋರಿಸಿದೆ. ನನ್ನ ಉಗುರಿನ ಕೆಳಗೆ ಹಾಸನ ಜಿಲ್ಲೆ ಪೂರ್ತಿ ಮುಚ್ಚಿಹೋಯಿತು. ಅವರು ಬಹಳ ಹೊತ್ತು ನೋಡಿದರು.

‘ಅಷ್ಟ್ ಎತ್ರದಿಂದ ನೋಡಿದ್ರೆ ತಂತಿ ಕಾಣಲ್ಲ, ಅಲ್ವಾ?’ ಎಂದರು.

ಹೊರಡುವಾಗ ಗೇಟಿನವರೆಗೆ ಅವರ ಹಿಂದೆ ಹೋದೆ. ಕ್ಷಮೆ ಕೇಳಲು ಹೋದವಳು, ಬಾಯಿಗೆ ಬಂದದ್ದು ಬೇರೆ. ‘ನನ್ನ ತಪ್ಪಂತ ನಿಮಗೆ ಯಾವಾಗ ಗೊತ್ತಾಯ್ತು ಧರ್ಮಣ್ಣ?’

‘ಹೂವಿನ್ ತೋಟದಲ್ಲಿ. ರೊಟ್ಟಿ ತಿಂದು ಎದ್ಮೇಲೆ ನೀನು ಮ್ಯಾಲೆ ನೋಡಾದ್ ಬುಟ್ಬುಟ್ಟೆ.’

‘ಮತ್ತೆ ಉಳಿದ ಕಂಬ ಎಲ್ಲ ಯಾಕೆ ನೋಡಿದ್ರಿ?’

‘ಇನ್ನೂ ಒಂದೂವರೆ ಮೈಲಿ ಲೈನ್ ಇತ್ತಲ್ಲ. ನೋಡ್ದೆ ಬುಡಕ್ಕಾಯ್ತದಾ?’ ಹಗ್ಗವನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿದರು. ‘ಬೈಸ್ಕಳಾದು ನಂಗೆ ಅಭ್ಯಾಸ ಐತೆ ಕಣವ್ವ. ನೀನು ಹೊಸಬಳು.’

ಅಷ್ಟು ಹೇಳಿ ತಂತಿಯ ಕೆಳಗೇ, ತಲೆ ಎತ್ತಿಕೊಂಡು, ಬಂದ ದಾರಿಯಲ್ಲೇ ನಡೆದುಹೋದರು. ನಾನು ಗೇಟು ಹಿಡಿದುಕೊಂಡು ಅತ್ತೆ. ಕಣ್ಣಿಗೆ ಕಾಫಿ ಹೂವಿನ ಪುಡಿ ಬಿದ್ದಿದೆ ಎಂದು ಸಾವಿತ್ರಕ್ಕನಿಗೆ ಹೇಳಿದೆ. ಅವತ್ತಿನ ಕೊನೆಯ ಸುಳ್ಳು ಅದು.

ಆ ವರ್ಷ ಎಂಟು ದಿನ ಬಿಟ್ಟು ಮಳೆ ಬಂತು. ಗೌಡರು ಕೆರೆಯ ನೀರು ಉಳಿಸಿಕೊಂಡರು. ಧರ್ಮಣ್ಣನ ಖಾಯಂ ಆದೇಶ ಮುಂದಿನ ದೀಪಾವಳಿಯ ಹೊತ್ತಿಗೆ ಬಂತು. ಅದನ್ನು ನನ್ನಿಂದಲೇ ಎರಡು ಸಲ ಓದಿಸಿಕೊಂಡರು. ಮುಂದೆ ಬೆಟ್ಟದ ಮೇಲೆಲ್ಲ ಮೊಬೈಲ್ ಟವರು ಬಂದವು, ತಂತಿ ಸುತ್ತಿಕೊಂಡು ಹೋದರು, ಚೌಡಿ ಕಂಬಕ್ಕೆ ಈಗ ಮೆಣಸಿನ ಬಳ್ಳಿ ಹಬ್ಬಿದೆಯಂತೆ. ನಾನು ಮದುವೆಯಾಗಿ ಆಲೂರಿಗೆ ಬಂದೆ. ಕಚೇರಿ ಬಿಡುವ ದಿನ ಗೌಡರ ಮೇಜಿನ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಆ ಪಿಂಗಾಣಿಯನ್ನು ಕೇಳಿ ಇಸಿದುಕೊಂಡೆ. ‘ಒಡೆದಿರೋ ಕಪ್ ಯಾಕಮ್ಮ ನಿಂಗೆ?’ ಎಂದರು ಗೌಡರು. ಆಗಲೂ ಅವರು ಅದನ್ನು ಕೈಗೆತ್ತಿಕೊಂಡು ನೋಡಿರಲಿಲ್ಲ.

ನೀವು ಬಂದಾಗ ಎತ್ತಿ ನೋಡಿ. ಕಿಟಕಿಯ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ, ಉಗುರಿನಿಂದ ಗೀರಿ ನೋಡಿ. ಎಲ್ಲೂ ಒಂದು ಕೂದಲೆಳೆಯಷ್ಟು ಸೀಳಿಲ್ಲ.